ಲ್ಯಾಬಿನ ಕೀಲಿಕೈ ಇಟ್ಟುಕೊಂಡವರು



ಈ ದತ್ತಿ ಉಪನ್ಯಾಸದಲ್ಲಿ ಡಿಜಿಟಲ್ ಕಲೆಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಇಂಥ ಉಪನ್ಯಾಸಗಳಲ್ಲಿ ಕಲಾವಿದರ ಹೆಸರು, ಕೃತಿಗಳ ಹೆಸರು, ಬಂದ ಬಹುಮಾನಗಳ ಹೆಸರು ಹೇಳುವುದು ವಾಡಿಕೆ. ನಾನು ಇವತ್ತು ಬೇರೆ ಕೆಲವರ ಬಗ್ಗೆ ಮಾತನಾಡಲು ನಿಮ್ಮ ಅನುಮತಿ ಕೇಳುತ್ತೇನೆ. ವಿಶ್ವವಿದ್ಯಾಲಯವೊಂದರಲ್ಲಿ ಡಿಜಿಟಲ್ ಕಲೆಯ ವಿಭಾಗ ನಡೆಯುತ್ತಿದೆ ಎಂದರೆ ಅಲ್ಲಿ ಎಲ್ಲರಿಗಿಂತ ಮೊದಲು ಬಂದು ಲ್ಯಾಬಿನ ಬಾಗಿಲು ತೆಗೆಯುವವರು ಇರುತ್ತಾರೆ. ಸರ್ವರ್ ನೋಡಿಕೊಳ್ಳುವವರು, ಕ್ಯಾಮೆರಾ, ಲೆನ್ಸು, ಟ್ರೈಪಾಡುಗಳನ್ನು ರಿಜಿಸ್ಟರಿನಲ್ಲಿ ಬರೆದು ಕೊಟ್ಟು ವಾಪಸು ಎಣಿಸಿಕೊಳ್ಳುವವರು ಇರುತ್ತಾರೆ. ಮೂರು ಕೊಟೇಷನ್ ತರಿಸಿ, ಕಡತವನ್ನು ಮೇಜಿಂದ ಮೇಜಿಗೆ ದಾಟಿಸಿ, ಸಾಫ್ಟ್‌ವೇರ್ ಲೈಸೆನ್ಸ್ ಮುಗಿಯುವ ದಿನವನ್ನು ನೆನಪಿಟ್ಟುಕೊಳ್ಳುವ ಗುಮಾಸ್ತೆ ಇರುತ್ತಾರೆ. ಆ ವಿಭಾಗದಲ್ಲಿ ಏನನ್ನು ಕಲಿಸಬಹುದು, ಯಾವ ಬಗೆಯ ಕೃತಿ ಹುಟ್ಟಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಇವರೇ. ಪಠ್ಯಕ್ರಮವನ್ನು ತೀರ್ಮಾನಿಸುವ ಸಭೆಗೆ ಮಾತ್ರ ಇವರನ್ನು ಯಾರೂ ಕರೆಯುವುದಿಲ್ಲ. ಕರೆಯಬೇಕು ಎಂದು ಹೇಳಲು ನಾನು ಇಲ್ಲಿ ನಿಂತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ. 1951ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಆ್ಯಂಪೆಕ್ಸ್ ಟೇಪ್ ರೆಕಾರ್ಡರ್ ಬಂತು. ಕಛೇರಿಗಳನ್ನು ಧ್ವನಿಮುದ್ರಿಸಲೆಂದು ತರಿಸಿದ್ದು. ಅದರ ಉಸ್ತುವಾರಿ ವ್ಲಾಡಿಮಿರ್ ಉಸಾಚೆವ್‌ಸ್ಕಿ ಎಂಬ ಅಧ್ಯಾಪಕರ ಹೆಗಲಿಗೆ ಬಿತ್ತು. ಟೇಪನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿದರೆ, ಹಿಂದುಮುಂದಾಗಿ ನುಡಿಸಿದರೆ ಪಿಯಾನೊದ ನಾದ ಏನೇನಾಗುತ್ತದೆ ಎಂದು ಅವರು ಹುಡುಕತೊಡಗಿದರು. ಅವರ ಪಕ್ಕದಲ್ಲಿ ಪೀಟರ್ ಮಾಝಿ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಇದ್ದರು. ನಾದ ತನ್ನ ಮೇಲೇ ತಾನು ಮರುಕಳಿಸುತ್ತ ಹೋಗುವಂತೆ ಮಾಡುವ ಪುಟ್ಟ ಪೆಟ್ಟಿಗೆಯೊಂದನ್ನು ಅವರು ಕಟ್ಟಿಕೊಟ್ಟರು. 1952ರ ಮೇ 9ರಂದು ಈ ಪ್ರಯೋಗಗಳು ಮೊದಲ ಸಲ ಸಭಿಕರ ಕಿವಿಗೆ ಬಿದ್ದವು. ಅದೇ ವರ್ಷದ ಅಕ್ಟೋಬರ್ 28ರಂದು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಟೇಪ್ ಸಂಗೀತದ ಕಛೇರಿ ನಡೆಯಿತು. 1959ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ 1,75,000 ಡಾಲರ್ ಕೊಟ್ಟಿತು, ಕೊಲಂಬಿಯಾ-ಪ್ರಿನ್ಸ್‌ಟನ್ ಎಲೆಕ್ಟ್ರಾನಿಕ್ ಸಂಗೀತ ಕೇಂದ್ರ ಎದ್ದು ನಿಂತಿತು.

ಆ ಕೇಂದ್ರಕ್ಕೆ ದೇಶದೇಶಗಳಿಂದ ಸಂಯೋಜಕರು ಬಂದರು. ಸ್ವರ ಬಲ್ಲವರು, ಆದರೆ ಟೇಪು ಕತ್ತರಿಸಿ ಅಂಟಿಸುವುದನ್ನು ಎಂದೂ ಮಾಡಿರದವರು. ಆಲಿಸ್ ಶೀಲ್ಡ್ಸ್ ಮತ್ತು ಪ್ರಿಲ್ ಸ್ಮೈಲಿ ಎಂಬ ಇಬ್ಬರು ಮಹಿಳೆಯರು ಅರವತ್ತರ ದಶಕದಿಂದ ಹಲವು ವರ್ಷ ಅಂಥವರ ಪಕ್ಕದಲ್ಲಿ ಕುಳಿತು ಯಂತ್ರದ ಕೆಲಸ ಕಲಿಸಿದರು. ಇಬ್ಬರೂ ಸ್ವತಃ ಸಂಯೋಜಕಿಯರು. ಇನ್ನೊಬ್ಬರ ಕಲ್ಪನೆಯನ್ನು ಕೇಳಿಸಿಕೊಂಡು ಅದಕ್ಕೆ ತಕ್ಕ ತಂತಿ, ತಕ್ಕ ಗುಂಡಿ ಯಾವುದೆಂದು ಹುಡುಕಿಕೊಡುವುದು ಸಂಗೀತ ಬಲ್ಲವರಿಂದ ಮಾತ್ರ ಆಗುವ ಕೆಲಸ. ಹೊರಗಿನಿಂದ ನೋಡಿದವರಿಗೆ ಮಾತ್ರ ಅದು ಬರೀ ತಾಂತ್ರಿಕ ನೆರವು.

ಅದೇ ಕೇಂದ್ರದಲ್ಲಿ ಆರ್‌ಸಿಎ ಮಾರ್ಕ್ 2 ಎಂಬ ಸಿಂಥಸೈಜರ್ ಇತ್ತು. ಕೋಣೆ ತುಂಬುವ ಗಾತ್ರ, ಸಾವಿರಕ್ಕೂ ಹೆಚ್ಚು ವ್ಯಾಕ್ಯೂಮ್ ಟ್ಯೂಬುಗಳು, ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಆಜ್ಞೆ. ಚಾರ್ಲ್ಸ್ ವುರಿನೆನ್ ಅವರಿಗೆ 1970ರಲ್ಲಿ ಪುಲಿಟ್ಜರ್ ಪ್ರಶಸ್ತಿ ತಂದ ‘ಟೈಮ್ಸ್ ಎನ್‌ಕೋಮಿಯಮ್’ ಹುಟ್ಟಿದ್ದು ಅದರಲ್ಲೇ. ಮಿಲ್ಟನ್ ಬ್ಯಾಬಿಟ್ ಅವರ ಪಾಲಿಗಂತೂ ಅದು ಮುಖ್ಯ ವಾದ್ಯ. ಎಪ್ಪತ್ತರ ದಶಕದಲ್ಲಿ ಕಟ್ಟಡಕ್ಕೆ ಕಳ್ಳರು ನುಗ್ಗಿ ಯಂತ್ರ ಹಾಳಾಯಿತು. ಆ ಯಂತ್ರದಲ್ಲಿ ಬ್ಯಾಬಿಟ್ ಅವರ ಕೆಲಸ ಅಲ್ಲಿಗೆ ನಿಂತಿತು. ಪಿಟೀಲು ಮುರಿದರೆ ಇನ್ನೊಂದು ಪಿಟೀಲು ಸಿಗುತ್ತದೆ. ಜಗತ್ತಿನಲ್ಲಿ ಒಂದೇ ಇರುವ ವಾದ್ಯ ಕೆಟ್ಟರೆ ಅದಕ್ಕೆಂದೇ ಬೆಳೆದ ಕಲೆಯೂ ಮುಗಿಯುತ್ತದೆ. ಯಂತ್ರವನ್ನು ಚಾಲೂ ಇಡುವವರ ಕೈಯಲ್ಲಿ ಏನಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬಾರದು.

ಈಗ ಶಿಕಾಗೊಗೆ ಬರುತ್ತೇನೆ. ಇವತ್ತಿನ ಮಾತಿನ ಮುಖ್ಯ ಉದಾಹರಣೆ ಅದು. ಅಲ್ಲಿ ಕಲಾವಿದ ಮತ್ತು ತಂತ್ರಜ್ಞರ ನಡುವಿನ ದೂರವನ್ನು ಆರಂಭದಿಂದಲೇ ಕಡಿಮೆ ಮಾಡುವ ಪ್ರಯತ್ನ ನಡೆಯಿತು. ಅದರ ಒಳ್ಳೆಯ ಫಲಗಳನ್ನೂ ಮಿತಿಗಳನ್ನೂ ಎರಡನ್ನೂ ನೋಡಬಹುದು.

ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಸರ್ಕಲ್ ಕ್ಯಾಂಪಸ್ಸಿಗೆ 1969ರಲ್ಲಿ ಡ್ಯಾನ್ ಸ್ಯಾಂಡಿನ್ ಬಂದರು. ಓದಿದ್ದು ಭೌತಶಾಸ್ತ್ರ, ಸೇರಿದ್ದು ಕಲಾ ವಿಭಾಗಕ್ಕೆ. ಸಂಗೀತಗಾರರಿಗೆ ಮೂಗ್ ಸಿಂಥಸೈಜರ್ ಏನೋ ಅದನ್ನೇ ವಿಡಿಯೊ ಚಿತ್ರಕ್ಕೆ ಮಾಡಬೇಕೆಂದು ಹೊರಟು, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಇಮೇಜ್ ಪ್ರೊಸೆಸರ್ ಎಂಬ ಯಂತ್ರ ಕಟ್ಟಿದರು. ಸಣ್ಣ ಸಣ್ಣ ಪೆಟ್ಟಿಗೆಗಳನ್ನು ವೈರುಗಳಿಂದ ಬೇಕಾದ ಹಾಗೆ ಜೋಡಿಸಿದರೆ ಕ್ಯಾಮೆರಾದಿಂದ ಬಂದ ಚಿತ್ರ ಅಲ್ಲೇ, ಆ ಕ್ಷಣದಲ್ಲೇ ಬಣ್ಣ ಬದಲಿಸುತ್ತದೆ, ಕರಗುತ್ತದೆ, ಇನ್ನೊಂದರೊಳಗೆ ಬೆರೆಯುತ್ತದೆ. 1973ರಲ್ಲಿ ಟಾಮ್ ಡಿಫಾಂಟಿ ಬಂದು ಸೇರಿದರು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ಅವರು ಗ್ರಾಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರೆದಿದ್ದರು. ಪ್ರೋಗ್ರಾಮರ್ ಅಲ್ಲದ ಕಲಾವಿದರೂ ಕುಳಿತಲ್ಲೇ ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ ನೋಡಲಿ ಎಂಬುದು ಅದರ ಉದ್ದೇಶ. ಇಬ್ಬರೂ ಸೇರಿ ಸರ್ಕಲ್ ಗ್ರಾಫಿಕ್ಸ್ ಹ್ಯಾಬಿಟಾಟ್ ಶುರು ಮಾಡಿದರು. ಮುಂದೆ ಅದಕ್ಕೆ ಎಲೆಕ್ಟ್ರಾನಿಕ್ ವಿಷುವಲೈಸೇಶನ್ ಲ್ಯಾಬೊರೇಟರಿ ಎಂಬ ಹೆಸರು ಬಂತು. ಚಿಕ್ಕದಾಗಿ ಇವಿಎಲ್. ಕಲೆ ಮತ್ತು ಎಂಜಿನಿಯರಿಂಗ್ ಎರಡೂ ಕಡೆಯ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಓದಿದ ಜಾಗ ಅದು.

ಸ್ಯಾಂಡಿನ್ ಮಾಡಿದ ಒಂದು ಕೆಲಸ ನನಗೆ ಅವರ ಯಂತ್ರಕ್ಕಿಂತಲೂ ದೊಡ್ಡದೆನಿಸುತ್ತದೆ. ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನ ಶಾಲೆಯಲ್ಲಿ ವಿಡಿಯೊ ಕಲಿಸುತ್ತಿದ್ದ ಫಿಲ್ ಮಾರ್ಟನ್ ಅವರಿಗೂ ಆ ಯಂತ್ರ ಬೇಕಾಯಿತು. ಹಾಗಾದರೆ ನೀವೇ ಒಂದನ್ನು ಕಟ್ಟಿಕೊಳ್ಳಿ ಎಂದಾಯಿತು. ಕಟ್ಟುವಾಗ ಇಬ್ಬರೂ ಸೇರಿ ಪ್ರತಿಯೊಂದನ್ನೂ ಬರೆದಿಟ್ಟರು. ಸರ್ಕಿಟ್ಟಿನ ನಕ್ಷೆ, ಬಿಡಿಭಾಗಗಳ ಪಟ್ಟಿ, ಬೋರ್ಡಿನ ವಿನ್ಯಾಸ, ಜೋಡಿಸುವ ಕ್ರಮ, ಸರಿಹೊಂದಿಸುವ ವಿಧಾನ. ಆ ಕಾಗದಗಳಿಗೆ ‘ಡಿಸ್ಟ್ರಿಬ್ಯೂಷನ್ ರಿಲಿಜನ್’ ಎಂದು ಹೆಸರಿಟ್ಟು, ಕೇಳಿದವರಿಗೆಲ್ಲ ನಕಲು ಮಾಡಿ ಕೊಟ್ಟರು. ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಜನ ಸೋಲ್ಡರಿಂಗ್ ಐರನ್ ಹಿಡಿದು ತಮ್ಮ ತಮ್ಮ ಯಂತ್ರ ಕಟ್ಟಿಕೊಂಡರು. ಇದರಿಂದ ಆದ ದೊಡ್ಡ ಲಾಭ ಯಾವುದೆಂದರೆ, ಯಂತ್ರ ಕೆಟ್ಟರೆ ರಿಪೇರಿ ಮಾಡುವ ಜ್ಞಾನ ಒಬ್ಬರ ತಲೆಯಲ್ಲಿ ಉಳಿಯದೆ ಕಾಗದಕ್ಕೆ ಬಂತು. ನಮ್ಮ ಎಷ್ಟು ಲ್ಯಾಬುಗಳಲ್ಲಿ ಇಂಥ ಕಾಗದವಿದೆ ಎಂದು ಇಲ್ಲಿರುವ ಅಧ್ಯಾಪಕರು ಯೋಚಿಸಬೇಕು. ಸ್ಟಾಕ್ ರಿಜಿಸ್ಟರಿನಲ್ಲಿ ಯಂತ್ರದ ಬೆಲೆ ಇರುತ್ತದೆ, ಕೊಂಡ ದಿನಾಂಕ ಇರುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ, ಯಾವಾಗ ಮುಷ್ಕರ ಹೂಡುತ್ತದೆ ಎಂಬುದು ಇರುವುದಿಲ್ಲ.

1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಸಿನಿಮಾ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಶತ್ರುಗಳ ಕೋಟೆ ಡೆತ್ ಸ್ಟಾರ್ ಮೇಲೆ ದಾಳಿ ಮಾಡುವ ಮುನ್ನ ವಿಮಾನ ಚಾಲಕರಿಗೆ ಪರದೆಯ ಮೇಲೆ ಗೆರೆಗಳ ಚಿತ್ರವೊಂದನ್ನು ತೋರಿಸುತ್ತಾರೆ, ಕಂದಕದೊಳಗೆ ನುಗ್ಗಿ ಹೋಗುವ ಹಾಗೆ. ಲ್ಯಾರಿ ಕ್ಯೂಬಾ ಎಂಬ ಕಲಾವಿದ ಅದನ್ನು ಮಾಡಿದ್ದು ಶಿಕಾಗೊದ ಈ ಲ್ಯಾಬಿನಲ್ಲಿ, ಡಿಫಾಂಟಿಯವರ ಗ್ರಾಸ್ ಭಾಷೆಯಲ್ಲಿ. ಪಿಡಿಪಿ-11 ಕಂಪ್ಯೂಟರ್, ವೆಕ್ಟರ್ ಜನರಲ್ ಪರದೆ, ಅದರ ಎದುರು ನಿಲ್ಲಿಸಿದ ಸಿನಿಮಾ ಕ್ಯಾಮೆರಾ. ಕಂಪ್ಯೂಟರ್ ಒಂದು ಚಿತ್ರ ಎಳೆಯಬೇಕು, ಕ್ಯಾಮೆರಾ ಒಂದು ಫ್ರೇಮ್ ಹಿಡಿಯಬೇಕು, ಮತ್ತೆ ಮುಂದಿನದು. ಸಿನಿಮಾದಲ್ಲಿ ಕ್ಯೂಬಾ ಅವರ ಹೆಸರು ಬರುತ್ತದೆ, ನ್ಯಾಯವಾಗಿಯೇ ಬರುತ್ತದೆ. ಆದರೆ ಆ ಯಂತ್ರ ಅಷ್ಟು ಹೊತ್ತು ನಿಲ್ಲದೆ ನಡೆಯಬೇಕಾದರೆ ಕೋಣೆ ತಂಪಾಗಿರಬೇಕು, ವಿದ್ಯುತ್ ಏರಿಳಿಯಬಾರದು, ಹಗಲು ತರಗತಿಗೆ ಬೇಕಾದ ಯಂತ್ರವನ್ನು ಹೊರಗಿನವರೊಬ್ಬರಿಗೆ ಬಿಟ್ಟುಕೊಡುವ ವೇಳಾಪಟ್ಟಿ ಯಾರಾದರೂ ಹಾಕಿಕೊಡಬೇಕು. ಹಾಲಿವುಡ್ಡಿನ ಹಣದಿಂದ ಕೊಳ್ಳಲಾಗದಿದ್ದ ಸಿದ್ಧತೆಯೊಂದು ಒಂದು ಸರಕಾರಿ ವಿಶ್ವವಿದ್ಯಾಲಯದ ಕೋಣೆಯಲ್ಲಿ ಇತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಹದಿನೈದು ವರ್ಷಗಳ ನಂತರ, 1992ರಲ್ಲಿ, ಅದೇ ಲ್ಯಾಬು ಕೇವ್ ಎಂಬ ಕೋಣೆಯನ್ನು ಜಗತ್ತಿನ ಮುಂದಿಟ್ಟಿತು. ಕರೊಲಿನಾ ಕ್ರೂಝ್-ನೇರಾ ಎಂಬ ವಿದ್ಯಾರ್ಥಿನಿ, ಸ್ಯಾಂಡಿನ್ ಮತ್ತು ಡಿಫಾಂಟಿ ಅದರ ಕರ್ತೃಗಳು. ಉದ್ದ, ಅಗಲ, ಎತ್ತರ ಎಲ್ಲ ಸುಮಾರು ಹತ್ತು ಅಡಿ. ಮೂರು ಗೋಡೆಗಳ ಮೇಲೂ ನೆಲದ ಮೇಲೂ ಚಿತ್ರ. ವಿಶೇಷ ಕನ್ನಡಕ ಹಾಕಿಕೊಂಡು ಒಳಗೆ ನಿಂತರೆ ಗೋಡೆ ಮಾಯವಾಗಿ ಚಿತ್ರದ ವಸ್ತು ಕೈಗೆಟಕುವಷ್ಟು ಹತ್ತಿರ ಬಂದು ನಿಲ್ಲುತ್ತದೆ. ಶಿಕಾಗೊದಲ್ಲಿ ನಡೆದ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಅದನ್ನು ಮೊದಲು ತೋರಿಸಿದರು.

ಅದನ್ನು ನಿತ್ಯ ನಡೆಸುವುದು ಎಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪುಸ್ತಕಗಳಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ. ಆಗಿನ ಪ್ರೊಜೆಕ್ಟರಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಟ್ಯೂಬುಗಳು. ಮೂರರ ಚಿತ್ರವೂ ಪರದೆಯ ಮೇಲೆ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಯಂತ್ರ ಬಿಸಿಯಾದಂತೆ ಅವು ಕೂದಲೆಳೆಯಷ್ಟು ಸರಿಯುತ್ತವೆ, ಬಿಳಿ ಗೆರೆಯ ಅಂಚಿನಲ್ಲಿ ಬಣ್ಣ ಕಾಣತೊಡಗುತ್ತದೆ. ಇಂಥ ನಾಲ್ಕು ಪ್ರೊಜೆಕ್ಟರುಗಳ ಚಿತ್ರ ಮೂಲೆಗಳಲ್ಲಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಬೇಗಬೇಗ ಬದಲಾಗುವಾಗ ಹಸಿರು ಟ್ಯೂಬಿನ ಹೊಳಪು ತಕ್ಷಣ ಆರುವುದಿಲ್ಲ, ಒಂದು ಕಣ್ಣಿನ ಚಿತ್ರದ ನೆರಳು ಇನ್ನೊಂದು ಕಣ್ಣಿಗೆ ಬೀಳುತ್ತದೆ. ನೋಡುವವರ ತಲೆ ಎಲ್ಲಿದೆ ಎಂದು ಕಾಂತೀಯ ಸಾಧನವೊಂದು ಅಳೆಯುತ್ತಿರುತ್ತದೆ. ಸುತ್ತ ಕಬ್ಬಿಣವಿದ್ದರೆ ಅದರ ಲೆಕ್ಕ ತಪ್ಪುತ್ತದೆ, ಹಾಗಾಗಿ ಚೌಕಟ್ಟನ್ನು ಕಾಂತಕ್ಕೆ ಎಳೆಯದ ಸ್ಟೀಲಿನಲ್ಲಿ ಮಾಡಿದರು. ನೆಲವೂ ಪರದೆಯಾದ್ದರಿಂದ ಬಂದವರು ಬೂಟು ಕಳಚಬೇಕು. ಕನ್ನಡಕಗಳ ಬ್ಯಾಟರಿ ನೋಡಬೇಕು, ಒರೆಸಬೇಕು. ಒಳಗೆ ಹೋದವರಿಗೆ ತಲೆಸುತ್ತು ಬಂದರೆ ಕೈ ಹಿಡಿದು ಹೊರಗೆ ತರಬೇಕು. ಇದಿಷ್ಟೂ ಸರಿಯಾಗಿದ್ದರೆ ಒಳಗೆ ನಿಂತವರು ಕಲಾಕೃತಿಯನ್ನು ಮಾತ್ರ ನೋಡುತ್ತಾರೆ. ಒಂದು ತಪ್ಪಿದರೂ ಯಂತ್ರವನ್ನು ಮಾತ್ರ ನೋಡುತ್ತಾರೆ.

ನಮ್ಮ ಊರುಗಳ ತೇರಿನಲ್ಲೂ ಹೀಗೆಯೇ. ತೇರು ಎಳೆಯುವಾಗ ಹಗ್ಗ ಹಿಡಿದ ಸಾವಿರ ಜನ ಮೇಲೆ ದೇವರನ್ನು ನೋಡುತ್ತಿರುತ್ತಾರೆ. ಗಾಲಿಯ ಬಳಿ ಬಗ್ಗಿ ಸನ್ನೆ ಹಾಕುವ ಇಬ್ಬರು ಮಾತ್ರ ನೆಲವನ್ನು ನೋಡುತ್ತಿರುತ್ತಾರೆ. ತೇರು ಯಾವ ಕಡೆ ತಿರುಗುತ್ತದೆ ಎಂಬುದು ಅವರ ಕೈಯಲ್ಲಿದೆ. ಊರಿನವರಿಗೆ ಅದು ಗೊತ್ತಿರುವುದರಿಂದ ಆ ಕೆಲಸ ಬಲ್ಲ ಮನೆತನಕ್ಕೆ ಮರ್ಯಾದೆ ಸಲ್ಲುತ್ತದೆ.

ಶಿಕಾಗೊದಲ್ಲೂ ತೆರೆಮರೆಯ ಕೆಲಸಕ್ಕೆ ಅಂಥ ಮರ್ಯಾದೆ ಸಂದದ್ದುಂಟು. ಕೇವ್ ಅನ್ನು ಮೊದಲು ತೋರಿಸಿದ ಆ ಸಿಗ್ರಾಫ್ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದವರು ಮ್ಯಾಕ್ಸಿನ್ ಬ್ರೌನ್. ಇವಿಎಲ್‌ನ ಆಡಳಿತದ ಹೊಣೆ ದಶಕಗಳ ಕಾಲ ಹೊತ್ತು, ಮುಂದೆ ಅದರ ನಿರ್ದೇಶಕಿಯೂ ಆದವರು. 1987ರಲ್ಲಿ ಬ್ರೂಸ್ ಮೆಕಾರ್ಮಿಕ್ ಮತ್ತು ಡಿಫಾಂಟಿಯವರೊಂದಿಗೆ ಅವರು ಸಂಪಾದಿಸಿದ, ವೈಜ್ಞಾನಿಕ ಲೆಕ್ಕಾಚಾರವನ್ನು ಚಿತ್ರವಾಗಿ ಕಾಣಿಸುವ ಬಗೆಗಿನ ವರದಿ ಅಮೆರಿಕದಲ್ಲಿ ಒಂದು ಹೊಸ ಸಂಶೋಧನಾ ಕ್ಷೇತ್ರಕ್ಕೇ ಅಡಿಪಾಯವಾಯಿತು. ಅನುದಾನದ ಅರ್ಜಿ ಬರೆಯುವುದು, ವರದಿ ಸಿದ್ಧಪಡಿಸುವುದು, ಬೇರೆ ಬೇರೆ ಸಂಸ್ಥೆಗಳ ಜನರನ್ನು ಒಂದು ಮೇಜಿನ ಸುತ್ತ ಕೂರಿಸುವುದು ಕಚೇರಿ ಕೆಲಸ ಎಂದು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಅಂಥ ಕೆಲಸ ಬಲ್ಲವರಿಗೆ ನಾಯಕತ್ವದ ದಾರಿ ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರೌನ್ ಅವರ ಜೀವನ ನಿದರ್ಶನ. ಆದರೆ ಪ್ರೊಜೆಕ್ಟರಿನ ಟ್ಯೂಬು ಸರಿಹೊಂದಿಸಿದವರ ಹೆಸರನ್ನು ಡಿಜಿಟಲ್ ಕಲೆಯ ಇತಿಹಾಸ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿಯೂ ಸಮಾನತೆ ಒಂದು ಮೆಟ್ಟಿಲಿನವರೆಗೆ ಬಂದು ನಿಂತಿದೆ.

ಹೆಸರು ಹಾಕುವುದು ಕಷ್ಟವೇನಲ್ಲ. ಡಿಫಾಂಟಿ ಓದಿದ ಓಹಾಯೊದಲ್ಲೇ ಚಾರ್ಲ್ಸ್ ಸೂರಿ ಎಂಬ ಚಿತ್ರಕಲಾ ಅಧ್ಯಾಪಕರು 1967ರಲ್ಲಿ ‘ಹಮಿಂಗ್‌ಬರ್ಡ್’ ಎಂಬ ಕಂಪ್ಯೂಟರ್ ಚಲನಚಿತ್ರ ಮಾಡಿದರು. ಮರುವರ್ಷ ಮಾಡರ್ನ್ ಆರ್ಟ್ ಮ್ಯೂಸಿಯಂ ಅದನ್ನು ತನ್ನ ಸಂಗ್ರಹಕ್ಕೆ ಕೊಂಡಿತು. ಅದೇ ಕಾಲದ ಸೂರಿಯವರ ಕಂಪ್ಯೂಟರ್ ಕೃತಿಗಳ ಜೊತೆ ಪ್ರೋಗ್ರಾಮರ್ ಜೇಮ್ಸ್ ಶಾಫರ್ ಅವರ ಹೆಸರೂ ದಾಖಲಾಗಿದೆ. ಕಲಾವಿದರ ಕೀರ್ತಿ ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ನಮ್ಮ ನೆಲಕ್ಕೆ ಸಂಬಂಧಿಸಿದ ಒಂದು ಕೃತಿಯನ್ನೂ ಹೇಳುತ್ತೇನೆ. 2006ರ ‘ಪ್ಲೇಸ್-ಹಂಪಿ’. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಇದರ ಕರ್ತೃಗಳು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಐಸಿನಿಮಾ ಎಂಬ ಡಿಜಿಟಲ್ ಕಲಾ ಕೇಂದ್ರ ಇದರ ಹಿಂದಿತ್ತು. ಒಂಬತ್ತು ಮೀಟರ್ ವ್ಯಾಸದ ದುಂಡನೆಯ ಪರದೆ, ನಡುವೆ ಮೋಟಾರಿನಿಂದ ತಿರುಗುವ ವೇದಿಕೆ, ನೋಡುವವರೇ ಅದನ್ನು ತಿರುಗಿಸಿ ಹಂಪಿಯ ಬಯಲು, ಬಂಡೆ, ಮಂಟಪಗಳ ನಡುವೆ ಸಾಗಬಹುದು. ಜಾನ್ ಗಾಲಿಂಗ್ಸ್ ತೆಗೆದ ಛಾಯಾಚಿತ್ರಗಳು, ಎಲ್. ಸುಬ್ರಮಣಿಯಂ ಅವರ ಸಂಗೀತ. ಯುರೋಪಿನ ಊರುಗಳಲ್ಲಿ ಪ್ರದರ್ಶನಗೊಂಡ ಈ ಕೃತಿ ಮುಂದೆ ಬಳ್ಳಾರಿ ಸೀಮೆಯ ತೋರಣಗಲ್ಲಿನ ಕಲಾಧಾಮಕ್ಕೆ ಬಂತು. ಹಂಪಿಯಿಂದ ಸಿಡ್ನಿಗೆ ಹೋದ ಚಿತ್ರ ಹಂಪಿಯ ನೆರೆಗೇ ಮರಳಿತು. ಇಂಥ ಕೃತಿ ಬಂದಿಳಿದಾಗ ಅದರ ಜೊತೆ ಒಂದು ಪ್ರಶ್ನೆಯೂ ಇಳಿಯುತ್ತದೆ. ನಮ್ಮ ಸೆಕೆಗೆ, ಧೂಳಿಗೆ, ಹೋಗಿ ಬರುವ ಕರೆಂಟಿಗೆ ಆ ಪ್ರೊಜೆಕ್ಟರು, ಆ ಮೋಟಾರು ತಾಳಬೇಕು. ದೂರದ ಊರಿನಲ್ಲಿ ಬರೆದ ಪ್ರೋಗ್ರಾಮನ್ನು ಇಲ್ಲಿ ಯಾರಾದರೂ ಅರಿತಿರಬೇಕು. ಪ್ರೌಢಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ಇಳಿದಾಗ ಅದು ಚಾಲೂ ಇರಬೇಕು. ಡಿಜಿಟಲ್ ಪರಂಪರೆಯ ಬಗ್ಗೆ ನಮ್ಮಲ್ಲಿ ಬಹಳ ಮಾತು ಕೇಳಿಬರುತ್ತಿದೆ. ಆ ಮಾತಿನಲ್ಲಿ ಇದನ್ನೆಲ್ಲ ಚಾಲೂ ಇಡುವ ಮೆಕ್ಯಾನಿಕ್ಕಿನ ಸಂಬಳದ ಪ್ರಸ್ತಾಪ ಬಂದದ್ದನ್ನು ನಾನು ಕೇಳಿಲ್ಲ.

ನಾನು ಕೆಲಕಾಲ ಪಾಠ ಮಾಡಿದ ಒಂದು ಸಂಸ್ಥೆಯಲ್ಲಿ ಅನಿಮೇಷನ್ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವರು ಹೊರಗುತ್ತಿಗೆಯ ನೌಕರರೊಬ್ಬರು. ಯಾವ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ, ರೆಂಡರ್ ಮಾಡುವ ಯಂತ್ರಗಳಲ್ಲಿ ಯಾವುದು ರಾತ್ರಿ ತಾನಾಗಿ ನಿಂತುಬಿಡುತ್ತದೆ, ಹಿಂದಿನ ತಂಡದ ಮಕ್ಕಳ ಚಿತ್ರಗಳು ಯಾವ ಹಾರ್ಡ್ ಡಿಸ್ಕಿನಲ್ಲಿವೆ ಎಲ್ಲವೂ ಅವರಿಗೆ ಕಂಠಪಾಠ. ಮಧ್ಯರಾತ್ರಿ ವಿದ್ಯಾರ್ಥಿಯ ಫೋನ್ ಬಂದರೂ ಎತ್ತುತ್ತಿದ್ದರು. “ಸರ್, ನೀವು ಹೋಗಿ, ಇದು ಬೆಳಿಗ್ಗೆಯೊಳಗೆ ಮುಗಿಯುತ್ತೆ, ನಾನಿರ್ತೀನಿ” ಎಂದು ನನ್ನನ್ನು ಎಷ್ಟೋ ಸಲ ಮನೆಗೆ ಕಳಿಸಿದ್ದಾರೆ. ಒಂದು ವರ್ಷ ಏಜೆನ್ಸಿ ಬದಲಾಯಿತು, ಅವರ ಗುತ್ತಿಗೆ ಮುಂದುವರಿಯಲಿಲ್ಲ. ಹೊಸಬರು ಬರುವವರೆಗೆ ಲ್ಯಾಬಿಗೆ 
ಬೀಗ. ಬಂದ ಹೊಸಬರಿಗೆ ಪಾಸ್‌ವರ್ಡ್ ಇಲ್ಲ, ವೈರಿಂಗಿನ ನಕ್ಷೆ ಇಲ್ಲ. ಆ ಸಾಲಿನ ಅಂತಿಮ ವರ್ಷದ ಮಕ್ಕಳು ತಾವು ಮಾಡಬೇಕೆಂದುಕೊಂಡ ಚಿತ್ರ ಬಿಟ್ಟು, ತಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಲಾಗುವಷ್ಟು ಚಿತ್ರ ಮಾಡಿದರು. ಅಂಕಪಟ್ಟಿಯಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ. ಆದರೆ ಆ ವರ್ಷದ ಕಲೆ ಹಾಗಾದದ್ದು ಯಾರ ತೀರ್ಮಾನದಿಂದ ಎಂದು ನನಗೆ ಗೊತ್ತು, ಆ ಮಕ್ಕಳಿಗೂ ಗೊತ್ತು.

ಅನುದಾನದ ಕ್ರಮವೂ ಇದಕ್ಕೆ ಕಾರಣ. ಯಂತ್ರ ಕೊಳ್ಳಲು ಹಣ ಒಮ್ಮೆ ಬರುತ್ತದೆ, ಉದ್ಘಾಟನೆಗೆ ಗಣ್ಯರೂ ಬರುತ್ತಾರೆ. ವರ್ಷವರ್ಷ ಬೇಕಾಗುವ ನಿರ್ವಹಣೆಯ ಹಣ, ಎಎಂಸಿ ಎಂಬ ವಾರ್ಷಿಕ ನಿರ್ವಹಣಾ ಗುತ್ತಿಗೆಯ ನವೀಕರಣ, ಅದನ್ನು ನೋಡಿಕೊಳ್ಳುವವರ ಸಂಬಳ ಇವೆಲ್ಲ ಉಳಿದರೆ ನೋಡೋಣ ಎಂಬ ಪಟ್ಟಿಗೆ ಸೇರುತ್ತವೆ. ಎಣ್ಣೆಬಣ್ಣದ ಚಿತ್ರವನ್ನು ನೂರು ವರ್ಷ ಗೋಡೆಗೆ ತೂಗುಹಾಕಬಹುದು. ಇಪ್ಪತ್ತು ವರ್ಷದ ಹಿಂದಿನ ಡಿಜಿಟಲ್ ಕೃತಿಯನ್ನು ತೆರೆಯಲು ಆ ಕಾಲದ ಯಂತ್ರ ಬೇಕು, ಆ ಯಂತ್ರ ಬಲ್ಲ ಮನುಷ್ಯ ಬೇಕು. ಜರ್ಮನಿಯ ಕಾರ್ಲ್ಸ್‌ರುಯೆ ಊರಿನ ಝಡ್‌ಕೆಎಂ ಕಲಾ ಕೇಂದ್ರ ಹಳೆಯ ವಿಡಿಯೊ ಯಂತ್ರಗಳಿಗೆಂದೇ ಒಂದು ಪ್ರಯೋಗಾಲಯ ಇಟ್ಟುಕೊಂಡಿದೆ, ಮರೆತುಹೋದ ನಮೂನೆಯ ಟೇಪುಗಳನ್ನು ಅಲ್ಲಿ ಮತ್ತೆ ಓಡಿಸುತ್ತಾರೆ. ಬ್ರಿಟನ್ನಿನಲ್ಲಿ 2017ರಲ್ಲಿ ಟೆಕ್ನಿಷಿಯನ್ ಕಮಿಟ್‌ಮೆಂಟ್ ಎಂಬ ಒಪ್ಪಂದ ಶುರುವಾಯಿತು. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ತಮ್ಮ ತಂತ್ರಜ್ಞರ ಕೆಲಸ ಕಣ್ಣಿಗೆ ಬೀಳುವಂತೆ ಮಾಡುತ್ತೇವೆ, ಮನ್ನಣೆ ಕೊಡುತ್ತೇವೆ, ಬಡ್ತಿಯ ದಾರಿ ಒದಗಿಸುತ್ತೇವೆ, ಆ ಕೌಶಲ ಮುಂದಿನ ತಲೆಮಾರಿಗೂ ಉಳಿಯುವಂತೆ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಡಬೇಕು. ನಮ್ಮಲ್ಲಿ ಇದನ್ನು ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಈ ಸಭೆಯಲ್ಲಿ ವಿಶ್ವವಿದ್ಯಾಲಯದ ಅಧಿಕಾರಿಗಳು ಇದ್ದೀರಿ, ಆದ್ದರಿಂದ ನೇರವಾಗಿ ಕೇಳುತ್ತೇನೆ. ಡಿಜಿಟಲ್ ಕಲೆ ಕಲಿಸುವ ವಿಭಾಗದ ಪಠ್ಯಕ್ರಮ ಸಮಿತಿಯಲ್ಲಿ ಲ್ಯಾಬಿನ ಹೊಣೆ ಹೊತ್ತವರಿಗೆ ಒಂದು ಸ್ಥಾನ ಕೊಡಿ, ಆಹ್ವಾನಿತರಾಗಿಯಾದರೂ ಕೂರಿಸಿ. ಹೊಸ ಪತ್ರಿಕೆಯೊಂದನ್ನು ಸೇರಿಸುವ ಮುನ್ನ ಇದನ್ನು ನಡೆಸಲು ಆಗುತ್ತದೆಯೇ ಎಂದು ಅವರನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿರಿ. ಲ್ಯಾಬಿನ ಮುಖ್ಯ ತಂತ್ರಜ್ಞರ ಹುದ್ದೆ ಖಾಯಂ ಆಗಿರಲಿ. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೂ ಈ ಒಂದನ್ನು ಮಾಡಿ, ಉಳಿದದ್ದು ಇದರ ಹಿಂದೆ ಬರುತ್ತದೆ. ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು. ವರ್ಷದ ಕೊನೆಯ ಪ್ರದರ್ಶನದಲ್ಲಿ ನಿಮ್ಮ ಕೃತಿಯ ಪಕ್ಕ ಅಂಟಿಸುವ ಚೀಟಿಯಲ್ಲಿ ನಿಮಗೆ ಯಂತ್ರ ಹೊಂದಿಸಿಕೊಟ್ಟವರ ಹೆಸರು ಬರೆಯಿರಿ. ಪೂರ್ತಿ ಹೆಸರು, ಇನಿಶಿಯಲ್ ಸಮೇತ. ಅವರನ್ನು ನೀವು ಅಣ್ಣ, ಅಕ್ಕ ಎಂದೇ ಕರೆಯುತ್ತಿರುವುದರಿಂದ ಬಹುಶಃ ಮೊದಲು ಹೋಗಿ ಪೂರ್ತಿ ಹೆಸರು ಏನೆಂದು ಕೇಳಬೇಕಾದೀತು.

ಇನ್ನೊಂದು ಕೆಲಸಕ್ಕೆ ಸಮಯ ಮೀರುತ್ತಿದೆ. ನಮ್ಮ ಕಲಾಶಾಲೆಗಳಿಗೆ ಮೊದಲ ಕಂಪ್ಯೂಟರುಗಳು ಬಂದಾಗ ಅವನ್ನು ಪೆಟ್ಟಿಗೆಯಿಂದ ಬಿಚ್ಚಿ ಜೋಡಿಸಿದ ತಲೆಮಾರು ನಿವೃತ್ತಿಯ ಅಂಚಿನಲ್ಲಿದೆ. ಡೆಡ್ ಸ್ಟಾಕ್ ಕೋಣೆಯಲ್ಲಿ ಬಿದ್ದಿರುವ ಯಾವ ಯಂತ್ರದಲ್ಲಿ ಯಾರ ಕೃತಿ ಇದೆ ಎಂದು ಅವರಿಗೆ ಗೊತ್ತು, ಬಹುಪಾಲು ಅವರಿಗೆ ಮಾತ್ರ ಗೊತ್ತು. ಈ ದತ್ತಿಯ ಬಡ್ಡಿಯಿಂದ ಪ್ರತಿವರ್ಷ ನನ್ನಂಥ ಒಬ್ಬರನ್ನು ಕರೆಸಿ ಮಾತನಾಡಿಸುತ್ತೀರಿ. ಬರುವ ವರ್ಷ ಅದೇ ಹಣದಲ್ಲಿ ಅಂಥ ನಾಲ್ಕು ಜನರನ್ನು ಕೂರಿಸಿ, ಕ್ಯಾಮೆರಾ ಇಟ್ಟು, ಅವರು ಹೇಳುವುದನ್ನು ದಾಖಲಿಸಿಕೊಳ್ಳಿ ಎಂದು ದತ್ತಿ ಸಮಿತಿಯವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಯಾರನ್ನು ಕರೆಯಬೇಕೆಂಬ ಪಟ್ಟಿಯನ್ನು ನಾನು ಬರೆದು ಅಧ್ಯಕ್ಷರಿಗೆ ಕೊಟ್ಟಿದ್ದೇನೆ.